ಮಧ್ಯಾಹ್ನದ ಬಾವುಟ

“ನನ್ನ ಮಗನ ಹೆಸರು ನಿನ್ನ ಬಾಯಲ್ಲಿ ಬರಬಾರದು, ಲೈಲ್,” ಎಂದಳು ಆರ್ಡಿತ್, ಬಾವುಟದ ಹಗ್ಗದ ಗಂಟನ್ನು ಎಳೆದು ನೋಡುತ್ತ.

ಸ್ಮಶಾನದ ಹುಲ್ಲಿನ ಮೇಲೆ ಹಾಕಿದ್ದ ಮಡಚು ಕುರ್ಚಿಗಳು ಒಂದೊಂದಾಗಿ ತುಂಬುತ್ತಿದ್ದವು. ಯುದ್ಧಗಳಲ್ಲಿ ಸತ್ತವರನ್ನು ನೆನೆಯುವ ಮೇ ತಿಂಗಳ ಸೋಮವಾರ. ಬೆಳಿಗ್ಗೆಯಿಂದ ಬಾವುಟ ಅರ್ಧ ಕಂಬದಲ್ಲಿ ನಿಂತಿತ್ತು. ಮಧ್ಯಾಹ್ನವಾಗುತ್ತಲೇ ಅದನ್ನು ತುದಿಗೇರಿಸಬೇಕು. ಗಂಡ ಇದ್ದಷ್ಟು ದಿನ ಹಗ್ಗ ಅವನ ಕೈಯಲ್ಲಿತ್ತು. ಈಗ ಅವನು ಅಲ್ಲೇ ಹಿಂದಿನ ಸಾಲಿನ ಕಲ್ಲೊಂದರ ಕೆಳಗಿದ್ದ. ಹಗ್ಗ ಆರ್ಡಿತ್‌ಳ ಪಾಲಿಗೆ ಬಂದಿತ್ತು.

ಲೈಲ್ ಪ್ರೂಯಿಟ್ ಅಯೋವಾದ ಈ ಭಾಗದ ಸಂಸದ, ಇದೇ ಊರಿನವನು. “ಗ್ಯಾರೆಟ್‌ನ ಮನೆಗೆ ಕರೆಸೋಕೇ ಅಲ್ವಾ ಆರ್ಡಿತ್, ನಾನು ಸಂಸತ್ತಲ್ಲಿ ಬಡಿದಾಡ್ತಿರೋದು? ಸೈನ್ಯ ವಾಪಸ್ ಕರೆಸೋ ಮಸೂದೆ ಈ ವಾರ ಮತಕ್ಕೆ ಬರುತ್ತೆ. ಹೆಸರು ಹೇಳಿದ್ರೆ ಜನರ ಮನಸ್ಸಿಗೆ ತಟ್ಟುತ್ತೆ.”

“ಎರಡು ವರ್ಷದ ಹಿಂದೆ ಇದೇ ಮೈಕಿನ ಮುಂದೆ ನೀನು ಅದೇ ಹೆಸರು ಹೇಳಿದ್ದೆ. ಅವನು ಅಫ್ಘಾನಿಸ್ತಾನದಲ್ಲೇ ಇರಬೇಕು, ಬಿಟ್ಟು ಬಂದ್ರೆ ದೇಶಕ್ಕೆ ಅವಮಾನ ಅಂದಿದ್ದೆ.”

“ಆಗ ಪರಿಸ್ಥಿತಿ ಬೇರೆ ಇತ್ತು.”

“ಆಗ ಅಧ್ಯಕ್ಷರು ನಿಮ್ಮ ಪಕ್ಷದವರಾಗಿದ್ರು.”

ಪಕ್ಕದಲ್ಲಿ ಕೋಟಿಗೆ ಸತ್ತ ಸೈನಿಕರ ನೆನಪಿನ ಕೆಂಪು ಕಾಗದದ ಹೂವು ಸಿಕ್ಕಿಸಿಕೊಳ್ಳುತ್ತಿದ್ದ ಮಾರ್ಸಿ ಹೆಲ್‌ಗ್ರೆನ್ ಕಿಸಕ್ಕನೆ ನಕ್ಕಳು. ನವೆಂಬರಿನ ಚುನಾವಣೆಗೆ ಲೈಲ್‌ನ ಎದುರು ನಿಂತವಳು ಅವಳು.

“ನೀನೇನು ನಗ್ತೀಯ?” ಎಂದಳು ಆರ್ಡಿತ್. “ಆವತ್ತು ಹುಡುಗರನ್ನ ವಾಪಸ್ ಕರೆಸಿ ಅಂತ ಕಣ್ಣೀರು ಹಾಕಿದವಳು ನೀನು. ಈಗ ಇನ್ನಷ್ಟು ಜನ ಹೋಗ್ಬೇಕು ಅಂತೀಯ. ಹಳೇ ಭಾಷಣಗಳನ್ನ ನೀವಿಬ್ಬರೂ ಅದಲುಬದಲು ಮಾಡ್ಕೊಂಡಿದ್ರೆ ಬರೆಯೋ ಕಷ್ಟನಾದ್ರೂ ತಪ್ತಿತ್ತು.”

ಮಾರ್ಸಿ ಹೂವಿನ ಕಡೆ ತಲೆ ತಗ್ಗಿಸಿದಳು.

ಎರಡು ವರ್ಷದ ಹಿಂದಿನ ಲೈಲ್‌ನ ಆ ಭಾಷಣ ಯಾರದೋ ಫೋನಿನೊಳಗೆ ಹೊಕ್ಕು ಗ್ಯಾರೆಟ್‌ನ ಡೇರೆಯವರೆಗೆ ಹೋಗಿತ್ತು. ಜೊತೆಯ ಸೈನಿಕರಲ್ಲಿ ಕೆಲವರು ಬೆನ್ನು ತಟ್ಟಿದರು. ಇನ್ನು ಕೆಲವರು ಊಟಕ್ಕೆ ಅವನ ಪಕ್ಕ ಕೂರುವುದನ್ನು ಬಿಟ್ಟರು. ಗಸ್ತಿನಲ್ಲಿ ಬೆನ್ನ ಹಿಂದೆ ನಡೆಯುವವನು ಮಾತು ಬಿಟ್ಟರೆ ಹೇಗಿರುತ್ತದೆ ಎಂಬುದನ್ನು ಗ್ಯಾರೆಟ್ ತಾಯಿಗೆ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಈಗ ಎರಡನೆಯ ಸಲ ಹೋಗಿದ್ದಾನೆ. ಮೊನ್ನೆ ಫೋನಿನಲ್ಲಿ, “ಅಮ್ಮ, ಈ ಸಲ ನನ್ನನ್ನ ಅವರ ಜಗಳದಿಂದ ಹೊರಗಿಡು,” ಎಂದಷ್ಟೇ ಹೇಳಿದ್ದ.

ಇದನ್ನೆಲ್ಲ ಅವಳು ಲೈಲ್‌ಗೆ ಒಂದೇ ಉಸಿರಿನಲ್ಲಿ ಹೇಳಿದಳು. ಅವನ ಮುಖ ಮೆತ್ತಗಾಯಿತು. “ಆಯ್ತು. ಹೆಸರು ಎತ್ತಲ್ಲ. ಮಾತು ಕೊಟ್ಟೆ,” ಎಂದ. ಅವಳಿಂದ ಬಾವುಟದ ಪಾಠ ಕಲಿಯುತ್ತಿದ್ದ, ಖಾಕಿ ಅಂಗಿ ತೊಟ್ಟ ಸ್ಕೌಟ್ ಹುಡುಗನಾಗಿದ್ದಾಗಲೂ, ಇದೇ ಕಂಬದ ಬುಡದಲ್ಲಿ, ತಪ್ಪು ಮಾಡಿದಾಗಲೆಲ್ಲ ಅವನು ಹೀಗೆಯೇ ಮಾತು ಕೊಡುತ್ತಿದ್ದ.

ಮಾರ್ಸಿ ಮೊದಲು ಮಾತಾಡಿದಳು. ತನ್ನ ಪಕ್ಷ ಹೇಳಬೇಕಾದದ್ದನ್ನು ಹೇಳಿದಳು, ಯಾರ ಹೆಸರನ್ನೂ ಎತ್ತಲಿಲ್ಲ, ಬೇಗ ಕುಳಿತಳು. ಆಮೇಲೆ ಲೈಲ್ ಎದ್ದ. ಅವನಿಗೆ ಮಾತು ಒಲಿದಿತ್ತು. ಟಿ.ವಿ.ಯವರ ಕ್ಯಾಮೆರಾ ತನ್ನತ್ತ ಹೊರಳಿದ್ದನ್ನು ಕಂಡ ಮೇಲೆ ಕಾಗದವನ್ನು ಮಡಚಿ ಎದೆಯ ಜೇಬಿಗೆ ಇಳಿಸಿದ.

“ನಮ್ಮ ನಡುವೆ ಇವತ್ತು ಒಬ್ಬ ತಾಯಿ ಇದ್ದಾರೆ,” ಎಂದ. ತಲೆಗಳು ಕಂಬದ ಕಡೆ ತಿರುಗಿದವು. “ಬೀಳ್ಕೊಟ್ಟ ಮಗನಿಗಾಗಿ ಬಾಗಿಲು ನೋಡ್ತಾ ಕೂತಿರೋ ತಾಯಿ. ಅವನು ನಿಮಗೆಲ್ಲ ಗೊತ್ತಿರೋ ಹುಡುಗ. ಅವನ ಹೆಸರು...”

ಅಗ್ನಿಶಾಮಕ ಠಾಣೆಯ ಸೈರನ್ ಕೂಗಿತು. ಊರಿಗೆ ದಿನವೂ ಮಧ್ಯಾಹ್ನ ಹನ್ನೆರಡಾಯಿತೆಂದು ಹೇಳುವ ಸೈರನ್. ಊರಿನವನೇ ಆದ ಲೈಲ್ ಮುಗುಳ್ನಗುತ್ತ ಅದು ನಿಲ್ಲುವುದನ್ನು ಕಾದ. ಆರ್ಡಿತ್‌ಳ ಗಂಡ ಇದ್ದಾಗ, ಭಾಷಣ ನಡೆಯುತ್ತಿದ್ದರೆ ಮುಗಿಯುವವರೆಗೂ ಹಗ್ಗ ಮುಟ್ಟುತ್ತಿರಲಿಲ್ಲ. ಅದು ಅತಿಥಿಗಳಿಗೆ ಅವನು ತೋರುತ್ತಿದ್ದ ಮರ್ಯಾದೆ.

ಆರ್ಡಿತ್ ಗಂಟು ಬಿಚ್ಚಿದಳು.

ಬಾವುಟ ಅಲುಗಿತು. ಕುರ್ಚಿಗಳು ಕಿರುಗುಟ್ಟಿದವು. ಟೋಪಿಗಳು ಇಳಿದವು, ಮುದಿ ಸೈನಿಕರು ಪಕ್ಕದವರ ಮೊಣಕೈ ಹಿಡಿದು ಎದ್ದು ನಿಂತರು, ಕೈಗಳೆಲ್ಲ ಎದೆಗೇರಿದವು. ಬಾವುಟ ತುದಿ ಮುಟ್ಟುವವರೆಗೆ ಇಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಮುಟ್ಟಿದ ಮೇಲೆ ಶಾಲೆಯ ಬ್ಯಾಂಡು, ಅದಾದ ಮೇಲೆ ಚರ್ಚಿನಲ್ಲಿ ಊಟ. ಸೈರನ್ ನಿಂತಾಗ ಲೈಲ್‌ನ ಬಾಯಿ ಅರ್ಧ ತೆರೆದಿತ್ತು. ಅದನ್ನು ಮುಚ್ಚಿಕೊಂಡು ಅವನೂ ಎದೆಯ ಮೇಲೆ ಕೈ ಇಟ್ಟ, ಮಡಚಿದ ಭಾಷಣದ ಮೇಲೆಯೇ.

ಬಾವುಟ ಒಂದು ಗೇಣು ಏರಿತು. ನಿಂತಿತು. ಮತ್ತೊಂದು ಗೇಣು. ರಾಟೆಯ ಸದ್ದು ಬಿಟ್ಟರೆ, ರಸ್ತೆಯಾಚೆಯ ಎಳೆಯ ಮೆಕ್ಕೆಜೋಳದ ಹೊಲದಲ್ಲಿ ಗಾಳಿ ಆಡುವುದೂ ಕೇಳುವಷ್ಟು ಮೌನ. ಕ್ಯಾಮೆರಾದವನು ಏನು ಹಿಡಿಯಬೇಕೆಂದು ತಿಳಿಯದೆ ಅದನ್ನು ಕೆಳಗಿಳಿಸಿ ತಾನೂ ಎದೆಗೆ ಕೈ ಹಚ್ಚಿದ.

ಲೈಲ್ ತುಟಿ ಅಲುಗಿಸದೆ ಪಿಸುಗುಟ್ಟಿದ. “ಆರ್ಡಿತ್, ಇಳಿಸುವಾಗ ನಿಧಾನ, ಏರಿಸುವಾಗ ಚುರುಕು ಅಂತ ನನಗೆ ಕಲಿಸಿದ್ದು ನೀವೇ.”

ಆರ್ಡಿತ್ ತಲೆಯೆತ್ತಿ ಬಾವುಟವನ್ನೇ ನೋಡುತ್ತ ಹಗ್ಗವನ್ನು ಇನ್ನೊಂದು ಗೇಣು ಎಳೆದಳು.

“ಷ್, ಲೈಲ್. ಬಾವುಟ ಏರ್ತಾ ಇದೆ.”