ಹೇಮಾವತಿ, ನೀರು ಬಿಟ್ಟು

ಹೇಮಾವತಿ ಸಿಗಲಿಲ್ಲ. ಸಿಕ್ಕಿದ್ದೆಲ್ಲ ನೀರು.

ನಾಲೆಗೆ ನೀರು ಬಿಟ್ಟ ಸುದ್ದಿ, ಜಲಾಶಯದ ಮಟ್ಟ, ಕೊನೇ ಭಾಗದ ಗದ್ದೆಗೆ ನೀರು ತಲುಪಲಿಲ್ಲವೆಂದು ರೈತರು ಕೂತ ಧರಣಿ. ಕೆ.ಆರ್. ಪೇಟೆ ಕಡೆಯ ಸುದ್ದಿಗಳಲ್ಲಿ ಆ ಹೆಸರು ಹಾಕಿ ಹುಡುಕಿದರೆ ಮೊದಲು ಎದ್ದು ಬರುವುದು ನದಿಯೇ. ಶಬ್ರೀನ್ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಬೆರಳಿನಿಂದ ಎಡಹುಬ್ಬು ಉಜ್ಜುತ್ತ ನಾಲ್ಕನೇ ಪುಟಕ್ಕೆ ಹೋದಳು. ಅಲ್ಲೂ ನೀರೇ.

“ಮೈನಸ್ ಹಾಕಿ” ಎಂದರು ಹಿಂದಿನಿಂದ ರಘುನಂದನ್. ಶ್ರೀರಂಗಪಟ್ಟಣದ ಆ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರು ಬಂದಾಗಿನಿಂದ ಅವರಿಗೆ ಪುಸ್ತಕ ಕೊಡುವ ಕೆಲಸಕ್ಕಿಂತ ಹುಡುಕೋದು ಹೇಳಿಕೊಡುವ ಕೆಲಸವೇ ಜಾಸ್ತಿ. “ಬೇಡದ ಪದಕ್ಕೆ ಮುಂಚೆ ಅಂಟಿಸಿ ಒಂದು ಗೆರೆ. ನಾಲೆ ಬೇಡ, ಜಲಾಶಯ ಬೇಡ, ನೀರು ಬೇಡ. ಬರೀ ಹುಡುಗಿ ಬೇಕು.”

ಪ್ರಾಜೆಕ್ಟ್ ಶಬ್ರೀನಳದಲ್ಲ, ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಾದಿನಿ ತಸ್ಲೀಮಳದು. ಪಾಂಡವಪುರದ ಕಾಲೇಜಿನಲ್ಲಿ ಅವಳಿಗೆ ಕೊನೇ ವರ್ಷ. ನಾಲ್ಕು ತಾಲ್ಲೂಕಿನ ಪತ್ರಿಕೆಗಳಲ್ಲಿ ಬಂದ ‘ಕಾಣೆಯಾಗಿದ್ದಾಳೆ’ ಪ್ರಕಟಣೆಗಳನ್ನು ಕಲೆಹಾಕಿ, ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಹೇಗೆ ಬಣ್ಣಿಸುತ್ತಾರೆ ಎಂದು ಬರೆಯಬೇಕು. ನಲವತ್ತೊಂಬತ್ತು ಸಿಕ್ಕಿದ್ದವು. ಎಲ್ಲವೂ ಒಂದೇ ಅಚ್ಚಿನವು: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಹೋದವಳು ವಾಪಸ್ ಬಂದಿರುವುದಿಲ್ಲ. ತಸ್ಲೀಮ್‌ಗೆ ಅಷ್ಟು ಸಾಕಾಗಿತ್ತು. ಐವತ್ತನೆಯದಕ್ಕೆ ಪಟ್ಟು ಹಿಡಿದವಳು ಅತ್ತಿಗೆ. ಮೂರು ವಾರದಿಂದ ದಿನಾ ಮಧ್ಯಾಹ್ನ ಇದೇ ಕುರ್ಚಿ, ಇದೇ ಹೆಸರು.

“ಬುಡು ಭಾಬಿ” ಎಂದಳು ತಸ್ಲೀಮ್ ಮೆಲ್ಲಗೆ. “ಸಿಗ್ದಿದ್ರೇನೇ ವಾಸಿ.”

ಶಬ್ರೀನ್ ಗೆರೆ ಹಾಕಿದಳು. ನೀರು ಇಳಿಯಿತು. ನದಿಯ ಹೆಸರಿಟ್ಟುಕೊಂಡ ಟೀಚರೊಬ್ಬರು ನಿವೃತ್ತರಾಗಿದ್ದರು, ಇನ್ನೊಬ್ಬರು ಪಂಚಾಯಿತಿಗೆ ಗೆದ್ದಿದ್ದರು. ಕಾಣೆಯಾದವರು ಯಾರೂ ಇರಲಿಲ್ಲ.

“ವಿವರ ಹೇಳಿ, ತಾರೀಕು ಹಾಕಿ ಹುಡುಕೋಣ” ಎಂದರು ರಘುನಂದನ್.

“ಎರಡು ವರ್ಷದ ಹಿಂದೆ, ಜೂನ್ ಹದಿನಾಲ್ಕು. ಇಪ್ಪತ್ತು ವರ್ಷ. ಪೇಟೆಗೆ ಟೈಲರಿಂಗ್ ಕ್ಲಾಸಿಗೆ ಹೋಗ್ತೀನಿ ಅಂತ ಹೊರಟ್ಳು. ಹಸಿರು ಚೂಡಿದಾರ, ಕಪ್ಪು ಚಪ್ಲಿ. ಅಪ್ಪನ ಹೆಸರು ಜವರಯ್ಯ.”

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಚಪ್ಲಿ ಬಣ್ಣಾನೂ ಗೊತ್ತಾ?”

“ಅವತ್ತು ಬಸ್ಸಲ್ಲಿ ಜೊತೇಲೇ ಇದ್ದೆ ಸಾರ್.”

“ಈಗ ಎಲ್ಲವ್ಳೆ?”

“ಇಷ್ಟಪಟ್ಟೋನ್ನ ಮದ್ವೆ ಆಗವ್ಳೆ. ಚೆನ್ನಾಗೇ ನೋಡ್ಕೊತಾರೆ.”

ರಘುನಂದನ್ ಮುಖ ಗಂಟಾಯಿತು. ಅವರಿಗೂ ನಾಗಮಂಗಲದಲ್ಲಿ ಓದುವ ಮಗಳಿದ್ದಳು. “ಅಂಗಿದ್ಮೇಲೆ ಅವರಪ್ಪನಿಗೆ ಒಂದು ಮಾತು ಹೇಳ್ಬಾರದೇನಮ್ಮ? ಹೆತ್ತ ಹೊಟ್ಟೆ ಎಷ್ಟು ಉರೀತಿರ್ತದೋ.”

“ಅದಕ್ಕೇ ಹುಡುಕ್ತಾ ಇರೋದು ಸಾರ್. ಅಪ್ಪ ಪೇಪರಲ್ಲಿ ಹಾಕ್ಸಿದ್ರೆ, ಒಂದೇ ಒಂದು ಸಾಲು ಸಿಕ್ಕಿದ್ರೂ, ಅವಳು ನಾಳೇನೇ ಊರಿಗೆ ಹೋಯ್ತಾಳೆ. ಹುಡುಕ್ದೇ ಇರೋರ ಬಾಗ್ಲಿಗೆ ಯಾವ ಮುಖ ಇಟ್ಕೊಂಡು ಹೋಗೋದು?”

ರಘುನಂದನ್ ಕುರ್ಚಿ ಎಳೆದು ತಾವೇ ಕೂತರು. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರು. ‘ತಿ’ಗೆ ದೀರ್ಘ ಕೊಟ್ಟರು, ತೆಗೆದರು. ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆದರು. ಪೇಟೆಯ ಒಂದು ಚಿಕ್ಕ ಪತ್ರಿಕೆಯ ಸೈಟಿಗೇ ಹೋಗಿ, ಆ ವರ್ಷದ ಜೂನ್ ಜುಲೈಗೆ ಬೇಲಿ ಹಾಕಿ ಹುಡುಕಿದರು. ಸೊನ್ನೆ. ಯಾರೂ ಹುಡುಕದವಳನ್ನು ಹುಡುಕುವುದಕ್ಕಿಂತ ದಂಡದ ಕೆಲಸ ಇನ್ನೊಂದಿಲ್ಲ.

ರಘುನಂದನ್ ಏನೋ ಹೊಳೆದವರಂತೆ ತಿರುಗಿದರು. “ಹಳ್ಳಿಯೋರು ಪೇಪರ್ ಆಪೀಸಿಗೆ ಫೋನಲ್ಲಿ ಹೇಳ್ತಾರೆ. ಅವರು ಕೇಳಿಸಿದಂಗೇ ಬರ್ಕೊತಾರೆ. ಅವರಪ್ಪ ಮಗಳನ್ನ ಎಂಗೆ ಕರೀತಿದ್ರು?”

ಶಬ್ರೀನ್ ಬಾಯಿ ತೆರೆದಳು.

“ಏಮಾ” ಎಂದಳು. ಕೊಟ್ಟಿಗೆಯಿಂದ ಅಡುಗೆಮನೆಗೆ ಕೇಳುವಂತೆ ಎಳೆದು, ಕೊನೆಯಲ್ಲಿ ತುಸು ಮೇಲಕ್ಕೆತ್ತಿ. ತಸ್ಲೀಮ್ ಮುಖ ಆಚೆ ತಿರುಗಿಸಿಕೊಂಡಳು.

‘ಹ’ ಹೋಯಿತು. “ಏಮಾವತಿ”, ಜೊತೆಗೆ “ಜವರಯ್ಯ”. ರಘುನಂದನ್ ಗುಂಡಿ ಒತ್ತಿದರು.

ಒಂದು ಫಲಿತಾಂಶ.

“ಸಿಕ್ತು ನೋಡಿ!” ಎಂದು ಅವರು ಮೇಜು ತಟ್ಟಿದರು. “ಹಾಕ್ಸವ್ರೆ ಕಣಮ್ಮ. ಅಪ್ಪ ಅಂದ್ರೆ ಅಪ್ಪನೇ.”

ಶಬ್ರೀನ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮೂರು ವಾರದಲ್ಲಿ ಮೊದಲ ಬಾರಿಗೆ ಅವಳ ಕಣ್ಣುಗಳು ನಕ್ಕವು. ಹಳೆ ಕಂಪ್ಯೂಟರು ಗೊರಗೊರ ಎನ್ನುತ್ತ ಪುಟವನ್ನು ಮೇಲಿನಿಂದ ಇಂಚಿಂಚಾಗಿ ಇಳಿಸಿತು. ಮೊದಲು ಕಪ್ಪು ಅಂಚು ಬಂತು. ಆಮೇಲೆ ಅಕ್ಷರ.

‘ಭಾವಪೂರ್ಣ ಶ್ರದ್ಧಾಂಜಲಿ. ಜೂನ್ 14ರಂದು ದೈವಾಧೀನಳಾದ ನಮ್ಮ ಮಗಳು ಏಮಾವತಿಯ ಹನ್ನೊಂದನೇ ದಿನದ ತಿಥಿಯನ್ನು 24ರಂದು ಸ್ವಗೃಹದಲ್ಲಿ ನೆರವೇರಿಸಲಾಗುವುದು. ಇಂತಿ ದುಃಖತಪ್ತ ತಂದೆ ಜವರಯ್ಯ.’

“ಬದ್ಕವ್ಳೆ ಅಂದ್ರಲ್ಲಮ್ಮ?” ರಘುನಂದನ್ ದನಿ ಕೆಳಗಿಳಿಯಿತು. “ಹದಿನಾಲ್ಕನೇ ತಾರೀಕು ಬಸ್ಸಲ್ಲಿ ಜೊತೇಲಿದ್ದೆ ಅಂದ್ರಿ?”

ಕೊನೆಗೆ ಫೋಟೋ ಇಳಿಯಿತು. ಎರಡು ಜಡೆ, ಹಣೆಯಲ್ಲಿ ಕುಂಕುಮ, ಎಡಹುಬ್ಬನ್ನು ಎರಡಾಗಿ ಸೀಳಿದ ಹಳೇ ಗಾಯದ ಗೆರೆ. ಅವರು ಫೋಟೋ ನೋಡಿದರು, ಪಕ್ಕದಲ್ಲಿದ್ದ ಶಬ್ರೀನಳತ್ತ ತಿರುಗಿದರು. ಸೆರಗು ಹಿಂದಕ್ಕೆ ಜಾರಿತ್ತು. ಅವಳು ಅದನ್ನು ಸರಿಮಾಡಿಕೊಳ್ಳಲಿಲ್ಲ.

“ಒಂದು ಪ್ರಿಂಟ್ ಕೊಡಿ ಸಾರ್” ಎಂದಳು. “ನಮ್ಮಪ್ಪ ನನ್ ತಿಥಿ ಮಾಡ್ಬುಟ್ಟವ್ನೆ ಅಂತ ನಂಗೇ ಗೊತ್ತಿರ್ಲಿಲ್ಲ.”