ಭೂಮಿಗೆ ಭಾರ

ಚಂದ್ರನ ಮೇಲಿರುವ ಭೂಮಿಯ ವೀಸಾ ಕಚೇರಿಯಲ್ಲಿ ಕುಮುದಾಳ ಸರದಿ ಬಂತು. ಚಂದ್ರನಲ್ಲೇ ಹುಟ್ಟಿ ಬೆಳೆದ, ಈಗ ಪಕ್ಕದಲ್ಲೇ ನಿಂತಿದ್ದ ಗಂಡ ತಿಯೋನನ್ನು ತಿಪಟೂರಿಗೆ ಕರೆದೊಯ್ದು ಕಾಯಂ ಆಗಿ ಅಲ್ಲೇ ಇರಿಸಿಕೊಳ್ಳಲು ಅವಳು ಅರ್ಜಿ ಹಾಕಿದ್ದಳು. ನಿಯಮದಂತೆ ಅವರ ಮನೆಯ ಮಾತನ್ನೆಲ್ಲ ಅರ್ಜಿ ಪರಿಶೀಲಿಸುವ ಯಂತ್ರ ಕೇಳಿಸಿಕೊಂಡಿತ್ತು.

"ಅರ್ಜಿ ತಿರಸ್ಕಾರ ಆಗಿದೆಯಮ್ಮ," ಎಂದ ಗುಮಾಸ್ತ ಚನ್ನಕೇಶವ. "ಯಜಮಾನ್ರು ಭೂಮಿಗೆ ಭಾರ ಅಂತ ನೀವೇ ಹೇಳಿದ್ದೀರಿ."

"ಅದು ಬೈಗುಳ ಸಾರ್. ಒಣಗಿದ ಬಟ್ಟೆ ಮಡಚದೆ ಬಿದ್ಕೊಂಡಿದ್ದ, ಅದಕ್ಕೆ ಅಂದೆ."

"ನಂಗೆ ಅರ್ಥ ಆಗುತ್ತೆ, ಯಂತ್ರಕ್ಕೆ ಆಗಲ್ಲ. ಭಾರ ಅಲ್ಲ ಅಂತ ಈಗ ಹೇಳಿಬಿಡಿ."

ಕುಮುದಾ ಮೈಕಿಗೆ ಬಾಗಿ, "ನನ್ನ ಗಂಡ ಭೂಮಿಗೆ ಭಾರ ಅಲ್ಲ," ಎಂದಳು. ಹಸಿರು ದೀಪ ಹತ್ತಿತು. ಚನ್ನಕೇಶವ ಮುದ್ರೆ ಒತ್ತಿ ಕೊಟ್ಟ.

ಗೋಡೆಯ ಹಿಡಿಕೆ ಹಿಡಿದು ಜಿಗಿಯುತ್ತ ಹೊರಗೆ ಬಂದ ಮೇಲೂ ತಿಯೋನ ಮುಖದಲ್ಲಿ ಗೆಲುವಿರಲಿಲ್ಲ.

"ಯಾಕೋ?"

"ಅವತ್ತು ನೀನು ಹಾಗಂದಾಗ ನಂಗೆ ಖುಷಿಯಾಗಿತ್ತು," ಎಂದ. "ಹುಟ್ಟಿದಾಗಿಂದ ಹತ್ತಿ ಥರ ಹಾರ್ಕೊಂಡೇ ಇದೀನಿ. ಅಲ್ಲಿಗೆ ಹೋದ್ಮೇಲಾದ್ರೂ ಭಾರ ಆಗ್ತೀನಿ ಅನ್ಕೊಂಡಿದ್ದೆ."

ಕುಮುದಾ ಅವನ ಕೈ ಹಿಡಿದು, ಕಚೇರಿಯ ಬಾಗಿಲನ್ನೊಮ್ಮೆ ತಿರುಗಿ ನೋಡಿದಳು.

"ಆಗ್ತೀಯ ಕಣೋ. ಮೆಲ್ಲಗೆ ಮಾತಾಡು."