ಪೆರುಮಾಳನ ಎಡಗಣ್ಣು

ಚಿನ್ನದ ಗಣಿಯ ಊರು ನಮ್ಮ ಚಾಂಪಿಯನ್ ರೀಫ್ಸ್‌ನಲ್ಲಿ ಯಾರನ್ನಾದರೂ ಕೇಳಿ ನೋಡಿ, ಪೆರುಮಾಳನ ಎಡಗಣ್ಣು ಉಳಿಸಿದ ಗಂಡು ಯಾರು ಅಂತ. ಈ ಆದಿನಾರಾಯಣ! ಡಾಕ್ಟರು ಹಚ್ಚಿದ್ದು ಬರೀ ಮುಲಾಮು. ಕಾವಲು ನಿಂತವನು ನಾನು. ನಂಬದಿದ್ದರೆ ಟಿಕೆಟ್ ವಾಪಸ್ ಕೊಟ್ಟು ಎದ್ದು ಹೋಗಿ.

ಸೋಮವಾರ ಸಂಜೆ, ಗಣಿಯಿಂದ ಹೊರಹಾಕಿದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಹತ್ತಿರ ನನ್ನ ಗೆಳೆಯ ಪೆರುಮಾಳನ ಕಣ್ಣಿಗೆ ಗಣಿಮಣ್ಣು ಬಿತ್ತು. ಅವನು ಉಜ್ಜಿಯೂ ಬಿಟ್ಟ. ಬಂಗಾರಪೇಟೆಯ ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣ ಮುಂದಿನ ಗಾಜಿನಂಥ ಪೊರೆ ಕಾರ್ನಿಯಾ ಗೀರಿದೆ ಎಂದು ಪಟ್ಟಿ ಕಟ್ಟಿದರು. ಶುಕ್ರವಾರ ಅವನಿಗೆ ರೈಲ್ವೆ ಕೆಲಸದ ಕಣ್ಣಿನ ಪರೀಕ್ಷೆ. ಫೇಲಾದರೆ ಕೆಲಸವಿಲ್ಲ.

ನನ್ನಕ್ಕ ವೆಂಕಟರತ್ನ ಬೆಂಗಳೂರಿನ ಲ್ಯಾಬಿನಲ್ಲಿ ಕಾರ್ನಿಯಾದ ಜೀವಕೋಶಗಳನ್ನೇ ಬೆಳೆಸುವವಳು. ಮಂಗಳವಾರ ರಜೆ ಹಾಕಿ ಪೆರುಮಾಳನ ಮನೆಗೆ ಬಂದಳು.

"ಗಾಯದ ಪಕ್ಕದ ಜೀವಕೋಶಗಳು ಸುಮ್ನೆ ಮಲಗಿರ್ತವೆ ಕಣ್ಲಾ. ಕಣ್ಣೀರಲ್ಲಿ ಗ್ರೋತ್ ಫ್ಯಾಕ್ಟರ್ ಅಂತ ಒಂದು ಪ್ರೋಟೀನು ಐತೆ. ಅದು ಬಂದು ಕದ ತಟ್ಟಿದ್ರೆ ಒಳಗಿರೋ ಜೀನುಗಳು ಎದ್ದು ಕೆಲ್ಸ ಶುರು ಮಾಡ್ತವೆ. ಆಗ ಜೀವಕೋಶಗಳು ಸರ್ಕೊಂಡು ಬಂದು ಗಾಯ ಮುಚ್ತವೆ."

"ಅಂದ್ರೆ ಕಣ್ಣೊಳಗೇ ಹೀರೋ ಎಂಟ್ರಿ!"

"ಮುಚ್ಕೊಂಡು ಕೂತ್ರೆ ಎಂಟ್ರಿ. ಉಜ್ಜಿದ್ರೆ ಶುಭಂ."

ಅಷ್ಟರಲ್ಲಿ ಪೆರುಮಾಳನ ತಾಯಿ ಮಾರಿಯಮ್ಮ, ಕೂಸಿಗೆ ಹಾಲು ಕುಡಿಸುವ ಒಳಲೆ ಹಿಡಿದು, ನಮ್ಮ ಮಾತು ಕೇಳುತ್ತಲೇ ಬಂದರು. ಅದರಲ್ಲಿ ಎದುರುಮನೆ ಬಾಣಂತಿಯ ಎದೆಹಾಲು.

"ಎರಡು ತೊಟ್ಟು ಬಿಟ್ರೆ ಸಾಕು. ನಮ್ಮಪ್ಪನ ಕಣ್ಣೂ ಇದ್ರಲ್ಲೇ ವಾಸಿಯಾಯ್ತು."

"ಬ್ಯಾಡ ಮಾರಿಯಮ್ಮತ್ತೆ" ಎಂದಳು ಅಕ್ಕ.

"ಯಾಕೆ, ನೀನೇಳಿದ ಕದ ತಟ್ಟೋದು ಇದ್ರಲ್ಲಿ ಇಲ್ವಾ?"

ಅಕ್ಕ ಒಳಲೆಯೊಳಗೆ ಇಣುಕಿದಳು. "ಐತೆ. ಆದ್ರೆ ಒಳಲೇಲಿ ಕ್ರಿಮೀನೂ ಇರ್ತವೆ. ಗಾಯಕ್ಕೆ ಸೇರ್ಕೊಂಡ್ರೆ ಕಣ್ಣೇ ಓಗ್ತದೆ."

ಮಾರಿಯಮ್ಮ ಕೇಳುವವರಲ್ಲ. ನಾನು ಪೆರುಮಾಳ ಮಲಗಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತೆ. "ಆ ಕಣ್ಣು ಮುಟ್ಬೇಕಂದ್ರೆ ಮೊದ್ಲು ನನ್ನ ಹೆಣ ದಾಟ್ಬೇಕು!"

"ದಾಟ್ತೀನಿ. ಪೊರಕೆ ಎಲ್ಲೈತೆ?"

ಎರಡೇಟು ತಿಂದು, ಒಳಲೆ ಕಿತ್ತುಕೊಂಡು ಓಡಿ ಕೂಸಿನ ಪಾಲು ಕೂಸಿಗೇ ತಲುಪಿಸಿದೆ. ಆಮೇಲೆ ಪೆರುಮಾಳನ ಕೈ ಪಟ್ಟಿಯ ಕಡೆ ಹೋಗದಂತೆ ಅವನ ಮಣಿಕಟ್ಟಿಗೂ ನನ್ನದಕ್ಕೂ ಟವೆಲ್ ಬಿಗಿದೆ. ಊಟ, ನಿದ್ದೆ ಎಲ್ಲ ಜೋಡಿಯಲ್ಲೇ. ಕಕ್ಕಸಿಗೂ ಜೋಡಿ. ಅವನು ಬೈದ, ಅತ್ತ, ಕಚ್ಚಿದ. ಗುರುವಾರದವರೆಗೆ ಗಂಟು ಬಿಚ್ಚಲಿಲ್ಲ.

ಡಾಕ್ಟರು ಪಟ್ಟಿ ತೆಗೆದರು. ಗೀರು ಮಾಯ. ಶುಕ್ರವಾರದ ಪರೀಕ್ಷೆಯಲ್ಲಿ ಪೆರುಮಾಳ ಎಡಗಣ್ಣೊಂದರಲ್ಲೇ ಕೊನೆಯ ಸಾಲಿನ ಅಕ್ಷರವನ್ನೂ ಓದಿದ. ಹೊರಗೆ ಬಂದು ನನ್ನನ್ನು ತಬ್ಬಿಕೊಂಡ.

"ನೀನಿಲ್ದಿದ್ರೆ ನಾನು ಕೆಟ್ಟೆ ಮಚ್ಚಾ. ಆ ದಿಬ್ಬದ ಗಾಳಿ ಮನೆ ಆಳಾಗ!"

ಅವನಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳಿಬಿಡುತ್ತೇನೆ. ಆ ಸೋಮವಾರ ದಿಬ್ಬದ ಹತ್ತಿರ ಅವನು ಆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದ. ಹಿಂದಿನಿಂದ ಸಿನಿಮಾ ಹೀರೋ ಥರ ಒಂದು ಡೈಲಾಗ್ ಹೊಡೆಯೋಣವೆಂದು ನಾನು ಮಣ್ಣು ಬಾಚಿ ಮೇಲಕ್ಕೆ ತೂರಿದೆ. ಡೈಲಾಗ್ ಬಾಯಿಗೆ ಬರುವ ಮೊದಲೇ ಅವನು ತಿರುಗಿದ. "ಗಾಳಿ ಕಣ್ಲಾ, ಗಾಳಿ!" ಎಂದು ಕೂಗಿದವನೂ ನಾನೇ.

ಅವನ ಕೈಯಿಂದ ಬಿದ್ದ ಬೆಂಕಿಕಡ್ಡಿಯ ಉರಿ ನೆಲದ ಮೇಲೆ ಒಂಚೂರೂ ಅಲುಗದೆ ನೆಟ್ಟಗೆ ನಿಂತಿತ್ತು.